ಕೆರೆಯ ನೀರಿಗೂ ಒಂದು ಜಮಾ-ಖರ್ಚು

ಅಡಿಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರದಲ್ಲಿ ಜಮಾ-ಖರ್ಚಿನ ಪುಸ್ತಕವೆಂದರೆ ಏನೆಂದು ಮಕ್ಕಳಿಗೂ ಗೊತ್ತು. ಊರಿನ ಕೆರೆಗೂ ಅಂಥದೇ ಒಂದು ಲೆಕ್ಕವುಂಟು. ಅಲ್ಲಿ ರೊಕ್ಕದ ಬದಲು ನೀರಿನಲ್ಲಿ ಕರಗಿದ ಆಮ್ಲಜನಕ.

ಮೀನು ಉಸಿರಾಡುವುದು ಇದನ್ನೇ. ನೀರಿನ ಅಣುವಿನಲ್ಲಿ ಜಲಜನಕದೊಡನೆ ಬೆಸೆದುಕೊಂಡ ಆಮ್ಲಜನಕ ಅದಕ್ಕೆ ದಕ್ಕದು. (ಪರೀಕ್ಷೆಯಲ್ಲಿ ಇದನ್ನು ತಪ್ಪಾಗಿ ಬರೆಯುವವರು ಪ್ರತಿವರ್ಷವೂ ಇರುತ್ತಾರೆ!) 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಅಂದರೆ ಬೇಸಿಗೆಯಲ್ಲಿ ತಿಜೋರಿಯೇ ಕಿರಿದಾಗುತ್ತದೆ. ಮೀನುಗಾರಿಕೆಯ ನೀರಿನಲ್ಲಿ ಇದು 4 ಮಿಲಿಗ್ರಾಂಗಿಂತ ಕಡಿಮೆಯಿರಬಾರದೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಜಮಾ ಆಗುವುದು ಗಾಳಿಯಿಂದ ಮತ್ತು ಹಗಲಿನಲ್ಲಿ ಪಾಚಿ, ಜಲಸಸ್ಯಗಳ ದ್ಯುತಿಸಂಶ್ಲೇಷಣೆಯಿಂದ. ಖರ್ಚು ಮಾತ್ರ ಹಗಲಿರುಳೂ ನಡೆಯುತ್ತದೆ: ಮೀನು ಉಸಿರಾಡುತ್ತದೆ, ಪಾಚಿಯೂ ಉಸಿರಾಡುತ್ತದೆ, ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಇನ್ನೂ ಹೆಚ್ಚು ಬಳಸುತ್ತವೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಷ್ಟೆ, ಯಾವ ಕೆರೆಯ ಅಳತೆಯೂ ಅಲ್ಲ. ಸಂಜೆ 6ಕ್ಕೆ ಲೀಟರಿಗೆ 8 ಮಿಲಿಗ್ರಾಂ ಇದೆ. ಗಾಳಿ ಕೊಟ್ಟದ್ದನ್ನು ಕಳೆದು, ಗಂಟೆಗೆ 0.3 ಖರ್ಚಾದರೆ 12 ಗಂಟೆಯಲ್ಲಿ 3.6 ಹೋಗಿ 4.4 ಉಳಿಯುತ್ತದೆ. ಮೀನು ಬದುಕಿತು. ಚರಂಡಿ ನೀರು ಸೇರಿ ಖರ್ಚು ಗಂಟೆಗೆ 0.5 ಆಯಿತೆನ್ನಿ, ಬೆಳಗಿಗೆ ಉಳಿದದ್ದು 2! ಮಧ್ಯಾಹ್ನ ಅಳೆದವರಿಗೆ ಎರಡು ಕೆರೆಗಳೂ ಆರೋಗ್ಯವಾಗಿಯೇ ಕಂಡಾವು. ಆದ್ದರಿಂದ ಅಳೆಯಬೇಕಾದ ಹೊತ್ತು ಬೆಳಗಿನ ಜಾವ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ, ಕೊಳಚೆ ನೀರು ಸೇರಿ ಆಮ್ಲಜನಕ ಕುಸಿದದ್ದೇ ಕಾರಣವೆಂಬ ಮಾತು ಕೇಳಿಬಂತು.

ಇಂಥ ಲೆಕ್ಕವನ್ನು ಸಮೀಕರಣವಾಗಿಸಿದವರು ಅಮೆರಿಕದ ಸ್ಟ್ರೀಟರ್ ಮತ್ತು ಫೆಲ್ಪ್ಸ್, 1925ರಲ್ಲಿ, ಓಹಾಯೊ ನದಿಗಾಗಿ. ಇಂದಿನ ಕಂಪ್ಯೂಟರ್ ಮಾದರಿಗಳ ಬೇರು ಅಲ್ಲಿದೆ.

ಆಳವಿಲ್ಲದ ಕೆರೆಗೆ ಒಂದು ಪುಸ್ತಕ ಸಾಕು. ಹಿರಿಯೂರು ಬಳಿಯ ವಾಣಿ ವಿಲಾಸ ಸಾಗರದಂಥ, ಪೂರ್ಣಮಟ್ಟ 130 ಅಡಿಯಿರುವ ಜಲಾಶಯಕ್ಕೆ ಸಾಲದು. ಆಳದ ನೀರಿನಲ್ಲಿ ಬೇಸಿಗೆಗೆ ಬೆಚ್ಚನೆಯ ಹಗುರ ನೀರು ಮೇಲೆ, ತಂಪು ನೀರು ಕೆಳಗೆ ನಿಲ್ಲುತ್ತದೆ. ಕೆಳಗೆ ಗಾಳಿಯಿಲ್ಲ, ಬೆಳಕಿಲ್ಲ, ಬರೀ ಖರ್ಚು. ಅಲ್ಲಿ ಪದರಕ್ಕೊಂದು ಪುಸ್ತಕ ಬರೆಯಬೇಕು.

ಅಳೆಯಲು 1888ರ ವಿಂಕ್ಲರ್ ವಿಧಾನವನ್ನು ಕಾಲೇಜು ಪ್ರಯೋಗಾಲಯದಲ್ಲೇ ಮಾಡಬಹುದು. ಶೀಷೆಯನ್ನು ನೀರಿನೊಳಗೇ ತುಂಬಿ, ಅಲ್ಲೇ ಬಿರಡೆ ಹಾಕಿ. ಒಂದು ಗುಳ್ಳೆ ಉಳಿದರೂ ಗಾಳಿಯ ಆಮ್ಲಜನಕ ಕೆರೆಯ ಜಮಾಕ್ಕೆ ಸೇರಿಬಿಡುತ್ತದೆ.