ಒತ್ತಕ್ಷರಕ್ಕೂ ಜಾಗ ಕೊಡುವ ಸ್ಟೈಲ್‌ಶೀಟ್

ಕೈಯಲ್ಲಿರುವ ಮೊಬೈಲ್‌ನಲ್ಲಿ ಒಂದೆರಡು ಕನ್ನಡ ಜಾಲತಾಣ ತೆರೆದು ಶೀರ್ಷಿಕೆಗಳನ್ನಷ್ಟೇ ಗಮನಿಸಿ. ‘ಸ್ವಾತಂತ್ರ್ಯ’, ‘ವಸ್ತ್ರ’, ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರ ಪೂರ್ತಿ ಕಾಣುತ್ತಿದೆಯೇ? ಕೆಲವು ಪುಟಗಳಲ್ಲಿ ಒತ್ತಿನ ಅರ್ಧ ಭಾಗ ಕತ್ತರಿಸಿ ಹೋಗಿರುತ್ತದೆ. ಇನ್ನು ಕೆಲವೆಡೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿರುತ್ತದೆ. ಬಟನ್ ಚಿಕ್ಕದು, ಅದರ ಮೇಲಿನ ಪದ ದೊಡ್ಡದು. ಅಕ್ಷರ ಹೊರಗೆ ಚಾಚಿರುತ್ತದೆ. ‘ಇಂಟರ್‌ನೆಟ್‌ನಲ್ಲಿ ಕನ್ನಡ ಅಂದರೆ ಹೀಗೇ’ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಇದು ಕನ್ನಡ ಲಿಪಿಯ ಕೊರತೆಯಲ್ಲ. ಪುಟ ಹೇಗೆ ಕಾಣಬೇಕೆಂದು ಹೇಳುವ ಸ್ಟೈಲ್‌ಶೀಟ್ ಬರೆಯುವಾಗ ಯಾರೂ ಕನ್ನಡವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಹೋದದ್ದರ ಫಲ.

ನಾನು ಬೆಳಗಾವಿಯಲ್ಲಿ ಬಿ.ಇ. ಓದುತ್ತಿದ್ದೇನೆ. ಮನೆ ಇರುವುದು ಖಾನಾಪುರದಲ್ಲಿ. ಸುಮಾರು 26 ಕಿ.ಮೀ. ದೂರ, ಬಸ್ಸಿನಲ್ಲೋ ಲೋಂಡಾ ಕಡೆಯ ರೈಲಿನಲ್ಲೋ ದಿನಾ ಓಡಾಟ. ಕ್ಲಾಸಿನಲ್ಲಿ ಪೈಥಾನ್, ಜಾವಾ, ಎಐ ಎಂದರೆ ಎಲ್ಲರಿಗೂ ಗೌರವ. ಸಿಎಸ್‌ಎಸ್ ಎಂದರೆ ಮಾತ್ರ ‘ಬಣ್ಣ ಬಳಿಯೋ ಕೆಲಸ’ ಎಂಬ ತಾತ್ಸಾರ. ಆ ಮಾತನ್ನು ನಾನು ಒಪ್ಪದಿರಲು ಎರಡು ಕಾರಣಗಳಿವೆ.

ಮೊದಲನೆಯದು ನನ್ನ ಚಿಕ್ಕಮ್ಮನ ಮಗಳ ಕಥೆ. ಡಿಗ್ರಿ ಮುಗಿಸಿದ ಅವಳು ಕೆಲಸವೊಂದಕ್ಕೆ ಮೊಬೈಲ್‌ನಲ್ಲೇ ಅರ್ಜಿ ತುಂಬುತ್ತಿದ್ದಳು. ಅಂದೇ ಕೊನೆಯ ದಿನ. ಎಲ್ಲ ವಿವರ ತುಂಬಿದ ಮೇಲೆ ನೋಡಿದರೆ ‘ಸಬ್‌ಮಿಟ್’ ಬಟನ್ನೇ ಇಲ್ಲ! ಕೊನೆಗೆ ಬೆಳಗಾವಿಗೆ ಹೊರಟ ಬಸ್ ಹತ್ತಿ, ಸೈಬರ್ ಸೆಂಟರ್ ಹುಡುಕಿ, ಎಲ್ಲವನ್ನೂ ಮತ್ತೆ ತುಂಬಿ ಕಳಿಸಿದಳು. ಆಮೇಲೆ ನಾನು ಲ್ಯಾಪ್‌ಟಾಪ್‌ನಲ್ಲಿ ಆ ಪುಟದ ಕೋಡ್ ತೆರೆದು ನೋಡಿದೆ. ಫಾರ್ಮ್‌ನ ಅಗಲ 980 ಪಿಕ್ಸೆಲ್ ಎಂದು ಒಂದು ಸಾಲು. ಪರದೆಯಿಂದ ಹೊರಗೆ ಹೋದದ್ದನ್ನು ಮರೆಮಾಡು ಎಂದು ಇನ್ನೊಂದು ಸಾಲು. ಅವಳ ಮೊಬೈಲ್ ಪರದೆಯ ಅಗಲ 360. ಬಲತುದಿಯಲ್ಲಿದ್ದ ಬಟನ್ ಮಾಯವಾಗದೆ ಇನ್ನೇನಾದೀತು? ಆ ಎರಡು ಸಾಲು ಬದಲಿಸಲು ಎರಡು ನಿಮಿಷ ಸಾಕಿತ್ತು. ಸ್ಕಾಲರ್‌ಶಿಪ್, ಹಾಲ್ ಟಿಕೆಟ್, ಪಹಣಿ, ನೌಕರಿ ಎಲ್ಲವೂ ವೆಬ್ ಪುಟದ ಮೂಲಕವೇ ಬರುವ ಕಾಲದಲ್ಲಿ ಇದನ್ನು ಬರೀ ಅಲಂಕಾರ ಎನ್ನುವುದು ಹೇಗೆ?

ಎರಡನೆಯ ಕಾರಣ ಖಾನಾಪುರದ ಒಂದು ಮಡಕೆ ಅಂಗಡಿ. ಅದಕ್ಕೆ ಬರುವ ಮೊದಲು ಸಿಎಸ್‌ಎಸ್ ಬೆಳೆದ ದಾರಿಯನ್ನು ಸ್ವಲ್ಪ ನೋಡೋಣ.

ಟೇಬಲ್‌ನಿಂದ ಗ್ರಿಡ್‌ವರೆಗೆ

ವೆಬ್ ಪುಟದಲ್ಲಿ ಏನಿದೆ ಎಂದು ಹೇಳುವುದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕು ಎಂದು ಹೇಳುವುದು ಸಿಎಸ್‌ಎಸ್. ವೆಬ್ ಹುಟ್ಟಿದ ಸರ್ನ್ ಪ್ರಯೋಗಾಲಯದಲ್ಲೇ ಕೆಲಸ ಮಾಡುತ್ತಿದ್ದ ನಾರ್ವೆಯ ಹೋಕೊನ್ ವಿಯುಮ್ ಲೀ 1994ರ ಅಕ್ಟೋಬರ್‌ನಲ್ಲಿ ಇದರ ಮೊದಲ ಪ್ರಸ್ತಾವ ಮುಂದಿಟ್ಟರು. ನೆದರ್ಲೆಂಡ್ಸ್‌ನ ಬರ್ಟ್ ಬಾಸ್ ಜೊತೆಗೂಡಿದರು. 1996ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿ ಅಧಿಕೃತವಾಯಿತು.

ಆದರೆ ಬಹಳ ವರ್ಷ ಸಿಎಸ್‌ಎಸ್‌ನಲ್ಲಿ ಬಣ್ಣ, ಅಕ್ಷರ, ಅಂಚು ಹೇಳುವುದು ಸುಲಭವಿತ್ತು. ಪುಟವನ್ನು ಅಂಕಣಗಳಾಗಿ ವಿಂಗಡಿಸುವುದು ಕಷ್ಟವಿತ್ತು. ಜನ ಅಂಕಿ–ಅಂಶಕ್ಕೆಂದು ಇದ್ದ ಟೇಬಲ್‌ಗಳನ್ನೇ ಪುಟದ ಚೌಕಟ್ಟಿಗೆ ಬಳಸಿದರು. ಆಮೇಲೆ ಚಿತ್ರದ ಪಕ್ಕ ಅಕ್ಷರ ಹರಿಯಲಿ ಎಂದಿದ್ದ ‘ಫ್ಲೋಟ್’ ಅನ್ನು ಎಳೆದಾಡಿ ಅಂಕಣ ಮಾಡಿದರು. 2010ರಲ್ಲಿ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಲೇಖನ ಬರೆದರು. ಮೊಬೈಲ್‌ಗೊಂದು, ಕಂಪ್ಯೂಟರ್‌ಗೊಂದು ಪುಟ ಬೇಡ, ಒಂದೇ ಪುಟ ಪರದೆಗೆ ತಕ್ಕಂತೆ ಹೊಂದಿಕೊಳ್ಳಲಿ ಎಂಬುದು ಅವರ ವಾದ. ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಬಂತು. 2017ರ ಮಾರ್ಚ್ ತಿಂಗಳೊಂದರಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಗ್ರಿಡ್ ಕಾಲಿಟ್ಟಿತು.

ಗ್ರಿಡ್ ಎಂದರೆ ಮದುವೆ ಊಟದ ಪಂಕ್ತಿ ಇದ್ದಂತೆ. ಒಂದು ಎಲೆಗೆ ಇಷ್ಟು ಜಾಗ ಬೇಕೇಬೇಕು. ಹಾಲ್ ದೊಡ್ಡದಿದ್ದರೆ ಒಂದು ಸಾಲಿಗೆ ಹೆಚ್ಚು ಎಲೆ, ಸಣ್ಣದಿದ್ದರೆ ಕಡಿಮೆ. ಬಂದವರನ್ನು ಎಲ್ಲಿ ಕೂರಿಸಬೇಕೆಂದು ಒಬ್ಬೊಬ್ಬರಿಗೂ ಹೇಳುತ್ತ ನಿಲ್ಲಬೇಕಿಲ್ಲ. ಸಿಎಸ್‌ಎಸ್‌ನಲ್ಲೂ ‘ಪ್ರತಿ ಕಾರ್ಡ್ ಕನಿಷ್ಠ 220 ಪಿಕ್ಸೆಲ್ ಇರಲಿ, ಹಿಡಿಸಿದಷ್ಟು ಒಂದು ಸಾಲಿನಲ್ಲಿ ಕೂರಲಿ’ ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಮೊಬೈಲ್‌ನಲ್ಲಿ ಒಂದು, ಟ್ಯಾಬ್‌ನಲ್ಲಿ ಮೂರು, ಲ್ಯಾಪ್‌ಟಾಪ್‌ನಲ್ಲಿ ಐದು ಕಾರ್ಡ್ ತಾವಾಗಿಯೇ ಕೂರುತ್ತವೆ.

ಈಚೆಗೆ ಇನ್ನೂ ಎರಡು ಒಳ್ಳೆಯ ಸೌಲಭ್ಯ ಬಂದಿವೆ. ಒಂದು ಕಂಟೇನರ್ ಕ್ವೆರಿ. ಮೊದಲು ಕಾರ್ಡ್ ಪೂರ್ತಿ ಪರದೆಯ ಅಗಲವನ್ನಷ್ಟೇ ನೋಡಿ ಬದಲಾಗುತ್ತಿತ್ತು. ಈಗ ತಾನು ಕುಳಿತ ಡಬ್ಬಿಯ ಅಗಲ ನೋಡಿ ಬದಲಾಗಬಲ್ಲದು. 2023ರ ಫೆಬ್ರುವರಿಯಿಂದ ಇದು ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿ ಇದೆ. ಇನ್ನೊಂದು ‘ಹ್ಯಾಸ್’ ಸೆಲೆಕ್ಟರ್. ‘ಒಳಗೆ ತಪ್ಪು ತುಂಬಿದ ಖಾನೆ ಇದ್ದರೆ ಇಡೀ ವಿಭಾಗಕ್ಕೆ ಕೆಂಪು ಅಂಚು ಹಾಕು’ ಎಂಬಂಥ ಮಾತನ್ನು ಜಾವಾಸ್ಕ್ರಿಪ್ಟ್ ಇಲ್ಲದೆಯೇ ಹೇಳಬಹುದು. 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ಇದೂ ಎಲ್ಲೆಡೆ ಸಿಗುತ್ತಿದೆ.

ಮಡಕೆ ಅಂಗಡಿ, ಮೂರು ಭಾಷೆ

ಖಾನಾಪುರದ ಮಣ್ಣಿನ ಕೆಲಸಕ್ಕೆ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಇಲ್ಲೇ. ನಮ್ಮ ಪರಿಚಯದ ಕುಂಬಾರ ಕಾಕಾ ಒಬ್ಬರಿಗೆ ಒಂದು ಪುಟ ಮಾಡಿಕೊಡೋಣ ಎಂದು ನಾವು ಮೂವರು ಗೆಳತಿಯರು ರಜೆಯಲ್ಲಿ ಹೊರಟೆವು. ಕೊಡ, ಗಡಿಗೆ, ಹಣತೆ, ಹೂಕುಂಡಗಳ ಫೋಟೊ, ಬೆಲೆ, ಫೋನ್ ನಂಬರ್ ಇಷ್ಟೇ. ಆದರೆ ಗಿರಾಕಿಗಳು ಕನ್ನಡದವರೂ ಹೌದು, ಮರಾಠಿಯವರೂ ಹೌದು. ಗೋವಾ ಕಡೆ ಹೋಗುವ ಪ್ರವಾಸಿಗರಿಗೆ ಇಂಗ್ಲಿಷ್ ಬೇಕು. ಒಂದೇ ಪುಟದಲ್ಲಿ ಮೂರು ಲಿಪಿ.

ಕಾಕಾ ತಮ್ಮ ಮೊಬೈಲ್‌ನಲ್ಲಿದ್ದ ಯಾವುದೋ ಕನ್ನಡ ಪುಟ ತೋರಿಸಿ ಮೊದಲು ಕೇಳಿದ್ದು ಇಷ್ಟು: “ಏನವ್ವಾ, ಈ ಅಕ್ಷರದ ಕಾಲ ಯಾಕ ಮುರದಾವ? ನಮ್ಮದರಾಗ ಹಿಂಗ ಆಗಬಾರದು ನೋಡ್ರಿ.”

ನಾವು ಓದಿದ ಯಾವ ಟ್ಯುಟೋರಿಯಲ್‌ನಲ್ಲೂ ಆ ಪ್ರಶ್ನೆ ಇರಲಿಲ್ಲ. ಉತ್ತರ ಸಾಲಿನ ಎತ್ತರದಲ್ಲಿದೆ. ಇಂಗ್ಲಿಷ್ ಶೀರ್ಷಿಕೆಗೆ ಅಕ್ಷರದ ಗಾತ್ರದ 1.2 ಪಟ್ಟು ಎತ್ತರ ಕೊಟ್ಟರೆ ಸಾಕು. ಕನ್ನಡದಲ್ಲಿ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒಂದರ ಜೊತೆ ಇನ್ನೊಂದು ಒತ್ತು. 1.6ರಿಂದ 1.8 ಕೊಟ್ಟಾಗ ನಮ್ಮ ಪುಟದ ಸಾಲುಗಳು ಉಸಿರಾಡಿದವು. ಸಿಎಸ್‌ಎಸ್‌ಗೆ ಭಾಷೆ ಗುರುತಿಸುವ ಸೆಲೆಕ್ಟರ್ ಇದೆ. ಎಚ್‌ಟಿಎಂಎಲ್‌ನಲ್ಲಿ ‘ಇದು ಕನ್ನಡ’, ‘ಇದು ಮರಾಠಿ’ ಎಂದು ಗುರುತು ಹಾಕಿದರೆ, ಸ್ಟೈಲ್‌ಶೀಟ್‌ನಲ್ಲಿ ಕನ್ನಡಕ್ಕೆ ಬೇರೆ ಎತ್ತರ, ದೇವನಾಗರಿಗೆ ಬೇರೆ ಎತ್ತರ ಕೊಡಬಹುದು. ಒಂದೇ ಗಾತ್ರ ಕೊಟ್ಟರೂ ಒಂದು ಲಿಪಿ ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಾಣುವುದುಂಟು. ಫಾಂಟ್ ಸೇರಿಸುವಾಗಲೇ ಅದನ್ನು ಶೇಕಡಾವಾರು ಹಿಗ್ಗಿಸಿ ಕುಗ್ಗಿಸುವ ‘ಸೈಜ್ ಅಡ್ಜಸ್ಟ್’ ಈ ಜಗಳ ಬಗೆಹರಿಸುತ್ತದೆ. ಬೆಳಗಾವಿಯಂಥ ಊರಿನಲ್ಲಿ ಯಾವ ಭಾಷೆ ದೊಡ್ಡದಾಗಿ ಕಾಣುತ್ತದೆ ಎಂಬುದು ಸಣ್ಣ ಮಾತಲ್ಲವಲ್ಲ!

ಎರಡನೆಯ ತೊಡಕು ಉದ್ದ ಪದಗಳದ್ದು. ಇಂಗ್ಲಿಷ್‌ನಲ್ಲಿ ನಾಲ್ಕೈದು ಪದಗಳಾಗುವುದನ್ನು ನಾವು ‘ಮಾಡಿಕೊಳ್ಳಬೇಕಾಗಿರುವುದರಿಂದ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಬಟನ್‌ಗೆ ಇಷ್ಟೇ ಅಗಲ ಎಂದು ನಿಗದಿ ಮಾಡಿದರೆ ಕನ್ನಡ ಹೊರಗೆ ಚೆಲ್ಲುತ್ತದೆ. ಅಗಲ ನಿಗದಿ ಮಾಡುವ ಬದಲು ಪದದ ಸುತ್ತ ಇಷ್ಟು ಜಾಗ ಬಿಡು ಎಂದರೆ ಬಟನ್ ಪದದ ಜೊತೆ ತಾನೂ ಬೆಳೆಯುತ್ತದೆ. ಇಂಗ್ಲಿಷ್ ಪುಟಗಳಲ್ಲಿ ಒತ್ತು ಕೊಡಲು ಎಲ್ಲವನ್ನೂ ಕ್ಯಾಪಿಟಲ್ ಮಾಡುತ್ತಾರೆ. ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ. ಆ ಸಾಲು ಬರೆದರೂ ಏನೂ ಆಗುವುದಿಲ್ಲ. ಅಕ್ಷರದ ದಪ್ಪ ಹೆಚ್ಚಿಸಬೇಕು, ಇಲ್ಲವೇ ಬಣ್ಣ ಬದಲಿಸಬೇಕು. ಖುಷಿಯ ಸಂಗತಿಯೂ ಇದೆ. ಪಟ್ಟಿಯ ಅಂಕಿಗಳಿಗೆ ‘ಕನ್ನಡ’ ಎಂಬ ಶೈಲಿ ಸಿಎಸ್‌ಎಸ್‌ನಲ್ಲೇ ಇದೆ. ಅದನ್ನು ಕೊಟ್ಟರೆ 1, 2, 3ರ ಬದಲು ೧, ೨, ೩ ಎಂದು ಬರುತ್ತದೆ. ಕಾಕಾ ಅದನ್ನು ನೋಡಿ ಮೊಮ್ಮಗನನ್ನು ಕರೆದು ತೋರಿಸಿದರು.

ಸಿಗ್ನಲ್ ಇಲ್ಲದ ಕಡೆಗೂ ಪುಟ ತಲುಪಬೇಕು

ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೋ, ಭೀಮಗಡ ಕಾಡಿನಂಚಿಗೋ ಹೋದವರಿಗೆ ನೆಟ್‌ವರ್ಕ್ ಪಾಡು ಗೊತ್ತು. ಸಿಗ್ನಲ್‌ಗಾಗಿ ಮೊಬೈಲ್ ಎತ್ತಿ ಹಿಡಿದು ನಿಲ್ಲುವ ಜಾಗದಲ್ಲಿ ಭಾರದ ಪುಟ ತೆರೆಯುವುದಿಲ್ಲ. ಇಲ್ಲಿಯೂ ಸಿಎಸ್‌ಎಸ್ ಕೈ ಹಿಡಿಯುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವಿದೆ. ‘ಈ ವಿಭಾಗದ ಅಕ್ಷರ ಪುಟದಲ್ಲಿ ಇದ್ದರೆ ಮಾತ್ರ ಕನ್ನಡ ಫಾಂಟ್ ತರಿಸಿಕೊ’ ಎಂದು ಸ್ಟೈಲ್‌ಶೀಟ್‌ನಲ್ಲಿ ಹೇಳಬಹುದು. ಇಂಗ್ಲಿಷ್ ಪುಟ ಮಾತ್ರ ನೋಡುವವರು ಕನ್ನಡ, ಮರಾಠಿ ಫಾಂಟ್‌ಗಳಿಗೆ ಡೇಟಾ ಸುಡಬೇಕಿಲ್ಲ. ಫಾಂಟ್ ಬರುವವರೆಗೆ ಖಾಲಿ ಜಾಗ ತೋರಿಸಬೇಡ, ಮೊಬೈಲ್‌ನಲ್ಲಿರುವ ಅಕ್ಷರದಲ್ಲೇ ತೋರಿಸು ಎಂದೂ ಹೇಳಬಹುದು.

ಫೋಟೊ ತಡವಾಗಿ ಬಂದು ಪುಟ ದಡಕ್ಕನೆ ಕೆಳಗೆ ಜಿಗಿಯುವುದನ್ನು ನೀವೂ ನೋಡಿರುತ್ತೀರಿ. ಒಂದನ್ನು ಒತ್ತಲು ಹೋದರೆ ಬೆರಳು ಇನ್ನೊಂದರ ಮೇಲೆ ಬೀಳುತ್ತದೆ. ಚಿತ್ರದ ಉದ್ದ–ಅಗಲದ ಅನುಪಾತವನ್ನು ಮೊದಲೇ ಹೇಳಿಬಿಟ್ಟರೆ ಬ್ರೌಸರ್ ಆ ಜಾಗ ಕಾಯ್ದಿರಿಸುತ್ತದೆ. ಬಣ್ಣದ ವಿಷಯವೂ ಅಷ್ಟೇ. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಎಸಿ ಕೋಣೆಯಲ್ಲಿ ಚೆಂದ; ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ ನಿಲ್ದಾಣದಲ್ಲಿ ಕಾಣುವುದಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಎಂಬುದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ. ಬ್ರೌಸರ್‌ನ ಡೆವಲಪರ್ ಟೂಲ್‌ನಲ್ಲೇ ಅದನ್ನು ಅಳೆಯಬಹುದು.

‘ಹೊಸ ಸಿಎಸ್‌ಎಸ್ ಬರೆದರೆ ಹಳೆ ಮೊಬೈಲ್‌ನಲ್ಲಿ ಪುಟ ಕೆಡುವುದಿಲ್ಲವೇ?’ ಎಂದು ಕೇಳಬಹುದು. ಸಿಎಸ್‌ಎಸ್‌ನ ಒಂದು ಮೂಲ ನಿಯಮ ಇಲ್ಲಿ ನೆರವಾಗುತ್ತದೆ. ಅರ್ಥವಾಗದ ಸಾಲನ್ನು ಬ್ರೌಸರ್ ಬಿಟ್ಟು ಮುಂದೆ ಹೋಗುತ್ತದೆ, ಮುನಿಸಿಕೊಂಡು ನಿಲ್ಲುವುದಿಲ್ಲ. ಮೊದಲು ಎಲ್ಲರಿಗೂ ಅರ್ಥವಾಗುವ ಸರಳ ಸಾಲು, ಅದರ ಕೆಳಗೆ ಹೊಸ ಸಾಲು ಬರೆದರಾಯಿತು. ಹಳೆ ಫೋನ್‌ಗೆ ಸರಳ ಪುಟ, ಹೊಸದಕ್ಕೆ ಚೆಂದದ ಪುಟ. ಓದಲು ಮಾತ್ರ ಇಬ್ಬರಿಗೂ ಸಿಗುತ್ತದೆ.

ಇದರಿಂದ ಕೆಲಸ ಸಿಗುತ್ತದೆಯೇ?

ಕ್ಯಾಂಪಸ್ ಸಂದರ್ಶನದ ಹೊತ್ತಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದೇ. ನೇರವಾಗಿ ಹೇಳುವುದಾದರೆ, ಸಿಎಸ್‌ಎಸ್ ಒಂದೇ ಕಲಿತರೆ ಸಾಲದು. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಗಿಟ್ ಕೂಡ ಬೇಕು. ಆದರೆ ನಮ್ಮಲ್ಲಿ ಬಹಳ ಮಂದಿ ಬೂಟ್‌ಸ್ಟ್ರ್ಯಾಪ್‌ನಂಥ ಸಿದ್ಧ ಚೌಕಟ್ಟಿನಿಂದ ಶುರು ಮಾಡಿ ಅಲ್ಲಿಗೇ ನಿಲ್ಲುತ್ತಾರೆ. ‘ಒಂದು ಡಬ್ಬಿಯನ್ನು ಪುಟದ ನಡುವೆ ತರುವುದು ಹೇಗೆ?’ ಎಂಬ ಹಳೆಯ ಸಂದರ್ಶನ ಪ್ರಶ್ನೆಗೆ ತಡವರಿಸುತ್ತಾರೆ. ಗ್ರಿಡ್ ಗೊತ್ತಿದ್ದವರಿಗೆ ಅದು ಎರಡು ಸಾಲಿನ ಉತ್ತರ.

ಎಐ ಕೇಳಿದ ಕೂಡಲೇ ಪುಟ ಬರೆದುಕೊಡುತ್ತದೆ, ನಾವೇಕೆ ಕಲಿಯಬೇಕು ಎಂದೂ ಕೆಲವರು ಕೇಳುತ್ತಾರೆ. ಬರೆದುಕೊಡುತ್ತದೆ, ನಿಜ. ಆದರೆ ಒತ್ತಕ್ಷರ ಕತ್ತರಿಸಿದೆಯೇ, ಬಟನ್ ಪರದೆಯಿಂದ ಆಚೆ ಹೋಗಿದೆಯೇ ಎಂದು ನೋಡಿ ಸರಿಪಡಿಸುವವರು ಬೇಕೇ ಬೇಕು. ಕನ್ನಡ ಓದಲು ಬಾರದವರಿಗೆ ಆ ತಪ್ಪು ಕಾಣುವುದೇ ಇಲ್ಲ. ‘ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ’ ಎಂದು ಸಂಕೋಚ ಪಡುವ ನಮ್ಮಂಥವರ ಬಳಿ ಇರುವ, ಬೇರೆಯವರಲ್ಲಿ ಇಲ್ಲದ ಒಂದು ಕಣ್ಣು ಇದು. ಅದನ್ನು ರೆಸ್ಯೂಮೆಯಲ್ಲಿ ಬರೆಯಲು ಹಿಂಜರಿಯಬೇಕಿಲ್ಲ.

ಕಲಿಯಲು ಹಣ ಬೇಡ. ಮೊಜಿಲ್ಲಾದವರ ಎಂಡಿಎನ್ ಪುಟಗಳು ಉಚಿತ. ಯಾವ ಸೌಲಭ್ಯ ಯಾವ ಬ್ರೌಸರ್‌ನಲ್ಲಿ ಇದೆ ಎಂದು ‘ಕ್ಯಾನ್ ಐ ಯೂಸ್’ ತಾಣ ತೋರಿಸುತ್ತದೆ. ಮಾಡಿದ ಪುಟವನ್ನು ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆಯಾಗಿ ಇಡಬಹುದು. ಎಲ್ಲರೂ ಮಾಡುವ ಕ್ಯಾಲ್ಕುಲೇಟರ್ ಪ್ರಾಜೆಕ್ಟ್ ಬಿಟ್ಟು ನಿಮ್ಮೂರಿನ ಒಂದು ನಿಜವಾದ ಅಗತ್ಯ ಹುಡುಕಿ: ಗ್ರಂಥಾಲಯದ ಪುಸ್ತಕ ಪಟ್ಟಿ, ಸ್ವಸಹಾಯ ಸಂಘದ ಹಪ್ಪಳ–ಸಂಡಿಗೆ, ಬಸ್ ವೇಳಾಪಟ್ಟಿ, ಏನಾದರೂ ಸರಿ. ಪುಟ ಮುಗಿದ ಮೇಲೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಡಿ ತೃಪ್ತಿಪಡಬೇಡಿ. ಮನೆಯಲ್ಲಿರುವ ಅತಿ ಹಳೆಯ ಮೊಬೈಲ್‌ನಲ್ಲಿ, ಬಿಸಿಲಿಗೆ ನಿಂತು, ಅಮ್ಮನ ಕೈಗೋ ಅಜ್ಜನ ಕೈಗೋ ಕೊಟ್ಟು ಓದಿಸಿ. ಅವರು ತಡವರಿಸಿದ ಜಾಗದಲ್ಲಿ ನಿಮ್ಮ ಮುಂದಿನ ಪಾಠ ಇರುತ್ತದೆ.