ಹಂದಿಯ ಕಿಡ್ನಿಯಲ್ಲಿ ಮಣ್ಣಿನ ಲೆಕ್ಕ

ಇವತ್ತಿನ ಪ್ರಶ್ನೆ ನೇರವಾಗಿದೆ: ಬಯಲಲ್ಲಿ ಮೇಯ್ದ ಹಂದಿ ಒಳ್ಳೇದಾ, ಶೆಡ್‌ನಲ್ಲಿ ಫೀಡ್ ತಿಂದು ಬೆಳೆದದ್ದಾ? ಹಿರಿಯೂರು, ಹೊಸದುರ್ಗದ ಕಡೆ ಹಂದಿ ಸಾಕಣೆಗೆ ಕೈಹಾಕಬೇಕು ಅಂತಿರೋ ಹುಡುಗರಿಗೆ ಇದು ದುಡ್ಡಿನ ಪ್ರಶ್ನೆ. ತಿನ್ನೋರಿಗೆ ಆರೋಗ್ಯದ ಪ್ರಶ್ನೆ.

ಮೊದಲು ಬೇಕಾದ ಖನಿಜಗಳು. ತಾಯಿಹಂದಿಯ ಹಾಲಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಬಯಲಲ್ಲಿರೋ ಮರಿ ಮಣ್ಣು ಕೆದರಿ ತಿಂದು ಅದನ್ನು ತುಂಬಿಕೊಳ್ಳುತ್ತೆ. ಸಿಮೆಂಟ್ ನೆಲದ ಮರಿಗೆ ಆ ದಾರಿ ಇಲ್ಲ. ಅದಕ್ಕೇ ಹುಟ್ಟಿದ ಮೊದಲ ವಾರದಲ್ಲೇ ಸುಮಾರು 200 ಮಿಲಿಗ್ರಾಂ ಕಬ್ಬಿಣದ ಇಂಜೆಕ್ಷನ್ ಕೊಡ್ತಾರೆ. ಇಲ್ಲದಿದ್ದರೆ ರಕ್ತಹೀನತೆ.

ಆದರೆ ಮಣ್ಣು ಬರೀ ಕಬ್ಬಿಣ ಕೊಡಲ್ಲ, ಸೀಸ, ಕ್ಯಾಡ್ಮಿಯಂಗಳನ್ನೂ ಕೊಡಬಹುದು. ಸ್ವೀಡನ್‌ನ ಒಂದು ಅಧ್ಯಯನದಲ್ಲಿ, ಹೊರಗೆ ಬೆಳೆದ ಸಾವಯವ ಹಂದಿಗಳ ಫೀಡಲ್ಲಿ ಕ್ಯಾಡ್ಮಿಯಂ ಕಡಿಮೆ ಇದ್ದರೂ ಕಿಡ್ನಿಯಲ್ಲಿ ಹೆಚ್ಚು ಸಿಕ್ಕಿತು. ಜೊತೆಗೆ ಹೊಟ್ಟೆಗೆ ಹೋದ ಮಣ್ಣೇ ಇದಕ್ಕೆ ಕಾರಣ ಇರಬಹುದು ಅನ್ನೋದು ಸಂಶೋಧಕರ ಅಂದಾಜು.

ಹಾಗಂತ ಶೆಡ್ ಪೂರ್ತಿ ಶುದ್ಧ ಅಲ್ಲ. ಮರಿಗಳಿಗೆ ಭೇದಿ ತಡೆಯೋಕೆ, ಬೇಗ ಬೆಳೆಯೋಕೆ ಅಂತ ಫೀಡಲ್ಲಿ ಸತು, ತಾಮ್ರ ಜಾಸ್ತಿ ಹಾಕೋ ರೂಢಿ ಇದೆ. ಅದರಲ್ಲಿ ಬಹುಪಾಲು ಸಗಣಿಯಲ್ಲೇ ಹೊರಬರುತ್ತೆ. ಆ ಗೊಬ್ಬರ ಹೊಳಲ್ಕೆರೆಯ ಅಡಿಕೆ ತೋಟಕ್ಕೋ ಹೊಸದುರ್ಗದ ತೆಂಗಿಗೋ ವರ್ಷವರ್ಷವೂ ಬಿದ್ದರೆ ಲೋಹ ಮಣ್ಣಲ್ಲೇ ಉಳಿಯುತ್ತೆ. ಯುರೋಪ್ ಒಕ್ಕೂಟ 2022ರಲ್ಲಿ ಔಷಧಿಯಾಗಿ ಕೊಡೋ ಸತುವಿನ ಆಕ್ಸೈಡ್ ನಿಲ್ಲಿಸಿದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಜಿಲ್ಲೆಯಲ್ಲಿ ಈ ಮಾತು ಯಾಕೆ ಮುಖ್ಯ? ಚಿತ್ರದುರ್ಗದ ಪಕ್ಕದ ಇಂಗಳದಾಳಲ್ಲಿ ತಾಮ್ರದ ಗಣಿ ಇತ್ತು. ಭೀಮಸಮುದ್ರದ ಕಡೆ ಕಬ್ಬಿಣದ ಅದಿರು. ಹಲವು ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಎಲ್ಲ ಮಣ್ಣೂ ಕೆಟ್ಟಿದೆ ಅಂತಲ್ಲ; ಪರೀಕ್ಷೆ ಮಾಡಿಸದೆ ನಂಬಬಾರದು ಅಷ್ಟೇ.

ಇಲ್ಲೊಂದು ತಿರುವಿದೆ. ಮಣ್ಣು ಆರೋಗ್ಯ ಕಾರ್ಡ್ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಹೇಳುತ್ತೆ. ಸೀಸ, ಕ್ಯಾಡ್ಮಿಯಂ ಹೇಳಲ್ಲ. ಆ ಪರೀಕ್ಷೆ ಎಲ್ಲಿ ಮಾಡಿಸಬಹುದು ಅಂತ ಹಿರಿಯೂರಿನ ಬಬ್ಬೂರು ಫಾರಂನಲ್ಲಿರೋ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನನ್ನ ಸಲಹೆ: ಹಂದಿಯನ್ನ ಹಳೇ ಗಣಿ ಜಾಗ, ಕಸದ ಗುಡ್ಡೆ, ಬ್ಯಾಟರಿ ಬಿಸಾಕೋ ಕಡೆ ಬಿಡಬೇಡಿ. ಖನಿಜ ಮಿಶ್ರಣ ಪಶುವೈದ್ಯರನ್ನ ಕೇಳೇ ಹಾಕಿ. ತಿನ್ನೋರು ನೆನಪಿಡಿ: ಕ್ಯಾಡ್ಮಿಯಂ ಮಾಂಸಕ್ಕಿಂತ ಕಿಡ್ನಿ, ಲಿವರ್‌ನಲ್ಲಿ ಸೇರುತ್ತೆ, ಎಷ್ಟು ಕುದಿಸಿದರೂ ನಾಶ ಆಗಲ್ಲ. ಹಾಗಾಗಿ 'ನಾಟಿ' ಅನ್ನೋ ಹೆಸರು ನೋಡಿ ಕೊಳ್ಳಬೇಡಿ, ಎಲ್ಲಿ ಮೇಯ್ತು ಅಂತ ಕೇಳಿ ಕೊಳ್ಳಿ.