ಬೀಗರೊಡನೆ ಜಿನನಾಥಪುರಕ್ಕೆ

ಕಾಫಿ ಕೊಯ್ಲು ಮುಗಿದು, ಮೆಣಸು ಬಿಡಿಸಿ, ಅಡಿಕೆ ಚೇಣಿಯ ಲೆಕ್ಕ ಚುಕ್ತಾ ಆಗಿ, ಹೂಮಳೆಗೆಂದು ಆಕಾಶ ನೋಡುತ್ತ ಕೂರುವ ಎರಡು ಮೂರು ವಾರಗಳಿವೆಯಲ್ಲ, ಆ ಅವಧಿಯಲ್ಲಿ ತೋಟಗಾರನಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ ಎಂಬ ಗುಟ್ಟು ಬಂಧುಬಳಗಕ್ಕೆಲ್ಲ ಹೇಗೋ ತಿಳಿದಿದೆ. ಮದುವೆಯ ಕರೆಯೋಲೆಗಳು ಆಗಲೇ ಬರುತ್ತವೆ. ಬಿಳಿ ಕಾಂಡಕೊರಕದ ಬಗ್ಗೆ, ಅಡಿಕೆಯ ಕೊಳೆರೋಗದ ಬಗ್ಗೆ ಬರೆಯಲು ತಜ್ಞರಿದ್ದಾರೆ. ಕೊಳೆಗೆ ಶೇಕಡಾ ಒಂದರ ಬೋರ್ಡೋ ದ್ರಾವಣವೂ ಉಂಟು. ಬೀಗರ ವಿಷಯದಲ್ಲಿ ಶಿಫಾರಸು ಮಾಡಬಹುದಾದ ದ್ರಾವಣ ಯಾವುದೂ ಇನ್ನೂ ಹೊರಬಂದಿಲ್ಲ. ಆದ್ದರಿಂದ ಬರೀ ಅನುಭವವನ್ನೇ ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ನಮ್ಮದು ಆಲೂರು ಕಡೆಯ ಮೂರೂವರೆ ಎಕರೆ ತೋಟ. ನಮ್ಮ ಮನೆಯವರು ಚನ್ನರಾಯಪಟ್ಟಣ ತಾಲ್ಲೂಕಿನವರು, ಎಂದರೆ ತೆಂಗಿನ ಸೀಮೆಯವರು. ಜಿಲ್ಲೆ ಒಂದೇ ಆದರೂ ಅಭಿಪ್ರಾಯಗಳು ಒಂದೇ ಅಲ್ಲ. ತಲೆಯೆತ್ತಿ ನೋಡಬೇಕಾದದ್ದು ಮಾತ್ರ ಬೆಳೆ, ಬಗ್ಗಿ ನೋಡಬೇಕಾದದ್ದು ಪೊದೆ ಎಂಬುದು ನಮ್ಮ ಅತ್ತೆಯವರ ಮತ. ಪ್ರತಿ ವರ್ಷ ನಾವು ಕಳಿಸುವ ಅಪ್ಪಟ ಕಾಫಿಪುಡಿಗೆ ಅವರು ಸಮಸಮ ಚಿಕೋರಿ ಬೆರೆಸಿ, ‘ಈಗ ಕುಡೀಬೋದು ಅಳಿಯಂದ್ರೇ’ ಎಂದು ಫೋನು ಮಾಡಿ ತಿಳಿಸುತ್ತಾರೆ. ಇತ್ತ ನಮ್ಮ ತಾಯಿಯವರು ಬೀಗರ ಮನೆಯಲ್ಲಿ ಊಟ ಮಾಡಿ ಬಂದ ಮೇಲೆ ಮೂರು ದಿನ ತೆಂಗಿನಕಾಯಿಯ ಹೆಸರೆತ್ತಿದರೆ ಸಿಟ್ಟಾಗುತ್ತಾರೆ. ಇಬ್ಬರೂ ಪರಸ್ಪರ ಬಹಳ ಗೌರವದಿಂದ ಮಾತಾಡುತ್ತಾರೆ. ಅದೇ ಭಯ.

ಈ ಕಥೆಗೆ ಒಂದು ಕಾಗದವೂ ಬೇಕು. ತಂದೆಯವರು ತೀರಿಕೊಂಡು ಹನ್ನೊಂದು ವರ್ಷವಾದರೂ ಪಹಣಿಯ ಪ್ರಕಾರ ಅವರೇ ಈಗಲೂ ತೋಟ ಮಾಡುತ್ತಿದ್ದಾರೆ. ಗೊಬ್ಬರ ಹಾಕುವುದು ನಾವು, ಬೆಳೆ ಬರುವುದು ಅವರ ಹೆಸರಿಗೆ. ಬೆಳೆಸಾಲ ಕೇಳಲು ಹೋದಾಗ, ಖಾತೆದಾರರು ಖುದ್ದಾಗಿ ಬಂದು ಸಹಿ ಹಾಕಬೇಕೆಂದರು. ಅದು ಸಾಧ್ಯವಿರಲಿಲ್ಲ. ಪೌತಿ ಖಾತೆ ಮಾಡಿಸಿ ಎಂದರು. ಅದಕ್ಕೆ ಮರಣಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರೆಲ್ಲ ಒಪ್ಪಬೇಕು. ವಾರಸುದಾರರಲ್ಲಿ ನಮ್ಮ ಅಕ್ಕನೂ ಒಬ್ಬಳು. 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಮಗನಿಗೆ ಸಮಾನಳು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿಯೂ ಆಗಿದೆ. ಕಾನೂನಿನಲ್ಲಿ ತೊಡಕಿಲ್ಲ. ತೊಡಕಿರುವುದು ಹೊಳೆನರಸೀಪುರದ ಕಡೆ. ಅಕ್ಕನನ್ನು ಕೇಳುವುದೆಂದರೆ ಭಾವನವರನ್ನು ಕೇಳಿದಂತೆ. ಭಾವನವರನ್ನು ಕೇಳುವುದೆಂದರೆ, ತಮ್ಮ ಮದುವೆಯ ದಿನ ಬೀಗರ ಪಂಕ್ತಿಯಲ್ಲಿ ಎರಡನೆಯ ಸಲ ಹೋಳಿಗೆ ಬರಲಿಲ್ಲ ಎಂಬ ಸಂಗತಿಯನ್ನು ಮೊದಲಿನಿಂದ ಕೇಳಿದಂತೆ. ಹೀಗಾಗಿ ವಂಶವೃಕ್ಷದ ನಮೂನೆ ಒಂದು ವರ್ಷದಿಂದ ನಮ್ಮ ಅಂಗಿಯ ಜೇಬಿನಲ್ಲೇ ಇತ್ತು. ಎರಡು ಸಲ ಒಗೆತಕ್ಕೂ ಹೋಗಿ ಬಂದಿದೆ.

ಮೊನ್ನೆ ಬಾಮೈದನ ಮಗಳ ಮದುವೆ. ಮರುದಿನ ಅತ್ತೆಯವರು, ‘ಇಷ್ಟು ಹತ್ತಿರ ಬಂದು ಬೆಳಗೊಳ ನೋಡ್ದೆ ಹೋಗ್ತಾರಾ’ ಎಂದರು. ಒಂದೇ ಜೀಪಿನಲ್ಲಿ ಹಿಂದೆ ಇಬ್ಬರು ಬೀಗಿತ್ತಿಯರು, ನಡುವೆ ನಮ್ಮ ಮನೆಯವರು, ಮುಂದೆ ನಾವು. ದೊಡ್ಡ ಬೆಟ್ಟ ಬೇಡ, ಮಂಡಿ ನೋವು ಎಂದು ನಮ್ಮ ತಾಯಿ ಹೇಳಿದರು. ತಮಗೇನೂ ಮಂಡಿ ನೋವಿಲ್ಲವೆಂದು ಅತ್ತೆ ಹೇಳಿದರು. ಇಬ್ಬರ ಮರ್ಯಾದೆಯೂ ಉಳಿಯುವಂತೆ ಚಿಕ್ಕಬೆಟ್ಟ ಹತ್ತಿದೆವು.

ಸಂಸಾರಸ್ಥರು ಚಿಕ್ಕಬೆಟ್ಟಕ್ಕೆ ಹೋಗುವ ಮುನ್ನ ಒಂದು ವಿಷಯ ತಿಳಿದಿರುವುದು ಒಳ್ಳೆಯದು. ಅಲ್ಲಿಯ ಬಸದಿಗಳು ದೇವರ ಮನೆಗಳು ಹೌದು. ಅವುಗಳಲ್ಲಿ ಕೆಲವು ಒಂದೇ ಮನೆತನದ ಲೆಕ್ಕವೂ ಹೌದು. ಹೊಯ್ಸಳ ವಿಷ್ಣುವರ್ಧನನಿಗೆ ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚಿಕಬ್ಬೆಗಾಗಿ 1118ರ ಸುಮಾರಿಗೆ ಕಟ್ಟಿಸಿದ್ದು ಕತ್ತಲೆ ಬಸದಿ. ಆ ಬೆಟ್ಟದ ಮೇಲೆ ಅದಕ್ಕಿಂತ ದೊಡ್ಡದು ಇಲ್ಲ. ಉದ್ದ ಸುಮಾರು 124 ಅಡಿ. ಹೆಂಡತಿ ಲಕ್ಕಲೆ ಅದೇ ಕಾಲದಲ್ಲಿ ತಾನೇ ಕಟ್ಟಿಸಿದ್ದು ಎರಡುಕಟ್ಟೆ ಬಸದಿ, ಸುಮಾರು 55 ಅಡಿ. ಗಂಗರಾಜ ತನ್ನದಾಗಿ ಕಟ್ಟಿಸಿಕೊಂಡ ಶಾಸನ ಬಸದಿಯೂ ಹೆಚ್ಚುಕಡಿಮೆ ಅಷ್ಟೇ.

ಇದನ್ನು ನಾವು ಓದಿ ಹೇಳಿದೆವು. ಹೇಳಬಾರದಿತ್ತು.

‘ತಾಯಿಗೆ ಅಂದ್ರೆ ಹಾಗೆ ಕಟ್ಟಿಸ್ಬೇಕು’ ಎಂದರು ನಮ್ಮ ತಾಯಿ, ಯಾರನ್ನೂ ನೋಡದೆ. ‘ಕಿಟಕಿಯೇ ಇಟ್ಟಿಲ್ಲವಲ್ಲ ಬೀಗಿತ್ತಿ, ಒಳಗೆ ಕತ್ತಲೆ’ ಎಂದರು ಅತ್ತೆ. ನಮ್ಮ ಮನೆಯವರು ಎರಡುಕಟ್ಟೆಯ ಮುಂದೆ ಎರಡೂ ಬದಿಯ ಮೆಟ್ಟಿಲುಗಳನ್ನು ನೋಡುತ್ತಾ, ‘ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿದುಹೋಗಬಹುದು, ಅನುಕೂಲ’ ಎಂದರು.

ಗಂಗರಾಜ ದಂಡನಾಯಕನಾದದ್ದು ಸುಮ್ಮನೆ ಅಲ್ಲ ಎಂಬುದು ಮುಂದಿನ ಶಾಸನದಲ್ಲಿ ಗೊತ್ತಾಗುತ್ತದೆ. ಗೆದ್ದು ಬಂದವನಿಗೆ ರಾಜ ಮೆಚ್ಚಿ, ಬೇಕಾದ್ದು ಕೇಳು ಅಂದ. ಈತ ಪರಮ ಎಂಬ ಗ್ರಾಮವನ್ನು ಕೇಳಿ ಪಡೆದು, ತಾಯಿಯ ಬಸದಿಗೂ ಹೆಂಡತಿಯ ಬಸದಿಗೂ ಸೇರಿಸಿ ಒಂದೇ ದತ್ತಿಯಾಗಿ ಬಿಟ್ಟ. ಒಬ್ಬರಿಗೆ ಮೊದಲು, ಇನ್ನೊಬ್ಬರಿಗೆ ಆಮೇಲೆ ಎಂಬ ಮಾತೇ ಇಲ್ಲ. ತಲಕಾಡು ಗೆದ್ದದ್ದಕ್ಕಿಂತ ಇದೇ ಕಷ್ಟದ ಕೆಲಸವೆಂದು ನಮಗನ್ನಿಸಿತು. ಹಬ್ಬಕ್ಕೆ ಎರಡು ಸೀರೆ ತಂದ ಅನುಭವವುಳ್ಳವರು ಒಪ್ಪುತ್ತಾರೆ.

ಪಕ್ಕದಲ್ಲೇ ಸವತಿಗಂಧವಾರಣ ಬಸದಿ. 1123ರಲ್ಲಿ ರಾಣಿ ಶಾಂತಲೆ ಕಟ್ಟಿಸಿದ್ದು. ಹೆಸರು ಅವಳ ಬಿರುದಿನಿಂದ ಬಂದದ್ದು. ಸವತಿಯರ ಪಾಲಿಗೆ ಮದ್ದಾನೆ ಎಂದು ಅರ್ಥ. ಶಾಂತಲೆಯ ತಂದೆ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ, ಗಂಡ ವೈಷ್ಣವನಾದನೆಂದು ಪ್ರತೀತಿ. ಇಷ್ಟೆಲ್ಲ ಇರುವ ಮನೆಯಲ್ಲಿ ಆಕೆ ಜಗಳಕ್ಕೆ ಆರಿಸಿಕೊಂಡದ್ದು ದೇವರನ್ನಲ್ಲ, ಸವತಿಯರನ್ನು. ಅತ್ತೆಯವರು ಆ ಬಿರುದನ್ನು ಎರಡು ಸಲ ಹೇಳಿಸಿಕೊಂಡು, ಮಗಳ ಕಡೆ ನೋಡಿ, ನಮ್ಮ ಕಡೆ ನೋಡಿದರು. ನಾವು ಗೋಪುರದ ಕೆತ್ತನೆ ನೋಡುತ್ತಿದ್ದೆವು. ಆ ಬಸದಿಗೆ ನೋಡುವಂಥ ಗೋಪುರವೇನೂ ಇಲ್ಲವೆಂದು ಆಮೇಲೆ ತಿಳಿಯಿತು.

ಇಳಿದು ಊರೊಳಗೆ ಬಂದರೆ ಜಕ್ಕಿಕಟ್ಟೆ. ಗಂಗರಾಜನ ಅಣ್ಣನ ಹೆಂಡತಿ, ಎಂದರೆ ಲಕ್ಕಲೆಯ ವಾರಗಿತ್ತಿ, ಜಕ್ಕಣಬ್ಬೆ ಕಟ್ಟಿಸಿದ ಕೆರೆ. ಅತ್ತೆಗೊಂದು ಬಸದಿ, ವಾರಗಿತ್ತಿಗೊಂದು ಬಸದಿ ಆದಮೇಲೆ ಆಕೆ ನೀರಿಗೆ ಕೈ ಹಾಕಿದಳು. ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿ ಕೆಟ್ಟವರಾದ ನಾವು ಆ ಮನೆತನದಲ್ಲಿ ಯಾರಿಗೆ ಓಟು ಹಾಕುತ್ತೇವೆಂದು ಬೇರೆ ಹೇಳಬೇಕಿಲ್ಲ.

ಅಕ್ಕನ ಬಸದಿಯ ವಿಷಯ ಬೇಗ ಮುಗಿಸುತ್ತೇವೆ, ಏಕೆಂದರೆ ಅಲ್ಲಿ ನಮಗೆ ನಷ್ಟವಾಯಿತು. ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿ ಶಿವಭಕ್ತ ಬ್ರಾಹ್ಮಣ. ಹೆಂಡತಿ ಆಚಿಯಕ್ಕ ಜಿನಭಕ್ತೆ. 1181ರಲ್ಲಿ ಆಕೆ ಬಸದಿ ಕಟ್ಟಿಸಿದಳು. ಅದಕ್ಕೆ ಬೊಮ್ಮೇಯನಹಳ್ಳಿ ಎಂಬ ಊರನ್ನು ರಾಜನ ಹತ್ತಿರ ಕೇಳಿ ಕೊಡಿಸಿದವನು ಗಂಡ. ‘ನಾನು ಊರು ಕೇಳಿರಲಿಲ್ಲ ಕಣ್ರೀ, ಕಣಕ್ಕೆ ಒಂದು ಟಾರ್ಪಾಲು ಕೇಳಿದ್ದೆ’ ಎಂದರು ನಮ್ಮ ಮನೆಯವರು. ಚನ್ನರಾಯಪಟ್ಟಣದಲ್ಲಿ ಟಾರ್ಪಾಲು ಕೊಂಡೆವು.

ಅದಕ್ಕೆ ಮೊದಲು ಜಿನನಾಥಪುರಕ್ಕೆ ಹೋದದ್ದು ಬುತ್ತಿ ಬಿಚ್ಚಲು. ಚಿಕ್ಕಬೆಟ್ಟದ ಉತ್ತರಕ್ಕೆ ಒಂದು ಮೈಲಿ. ಆ ಊರನ್ನು ಮಾಡಿದವನೂ ಗಂಗರಾಜನೇ. ಬೆಳಗೊಳದಲ್ಲಿ ಬಸ್ಸುಗಟ್ಟಲೆ ಬರುವ ಜನ ಈ ಕಡೆ ತಿರುಗುವುದು ಕಡಿಮೆ. 1200ರ ಸುಮಾರಿಗೆ ದಂಡನಾಯಕ ರೇಚಿಮಯ್ಯ ಕಟ್ಟಿಸಿದ ಶಾಂತಿನಾಥ ಬಸದಿ ಅಲ್ಲಿದೆ. ಬೆಟ್ಟದ ಮೇಲಿನ ಬಸದಿಗಳ ಗೋಡೆ ಬರೀ ಗೋಡೆ. ಇದರ ಹೊರಗೋಡೆಯ ಸುತ್ತಲೂ ಜಿನರು, ಯಕ್ಷಯಕ್ಷಿಯರು, ಸರಸ್ವತಿ, ಮನ್ಮಥ, ಮದ್ದಳೆ ಬಾರಿಸುವವರು, ಕುಣಿಯುವವರು, ಒಂದು ಮದುವೆ ಮನೆಯಷ್ಟು ಜನ. ಆದರೆ ಯಾರೂ ಮಾತಾಡುವುದಿಲ್ಲ. ಹಿಂದಿನ ದಿನದ ಛತ್ರದಿಂದ ಬಂದ ನಮಗೆ ಅದು ಬಹಳ ಹಿಡಿಸಿತು.

ನೆರಳಿನಲ್ಲಿ ಕೂತು ಬುತ್ತಿ ತಿಂದು, ಕೈ ಒರೆಸಲು ಜೇಬಿನಿಂದ ಕರವಸ್ತ್ರ ತೆಗೆದಾಗ ನಮೂನೆಯೂ ಜೊತೆಗೆ ಬಂತು. ಇದೇನು ಅಳಿಯಂದ್ರೇ ಎಂದರು ಅತ್ತೆ. ಹೇಳಿದೆವು. ಹನ್ನೊಂದು ವರ್ಷದಿಂದ ತಮ್ಮ ಮಗಳು ದಿವಂಗತರ ತೋಟದಲ್ಲಿ ದುಡಿಯುತ್ತಿದ್ದಾಳೆಂದು ಅವರಿಗೆ ಅಂದೇ ತಿಳಿದದ್ದು. ‘ಬರೀರಿ, ಇಲ್ಲೇ ಬರೀರಿ, ಪೆನ್ನು ನಾನು ಕೊಡ್ತೀನಿ’ ಎಂದು ಮುಯ್ಯಿ ಬರೆಯಲು ಇಟ್ಟುಕೊಂಡಿದ್ದ ಪೆನ್ನು ಕೊಟ್ಟರು.

ಮೇಲೆ ಅಜ್ಜನ ಹೆಸರು ಬರೆದೆವು. ಪಕ್ಕದಲ್ಲಿ ಅವರ ಹೆಂಡತಿ. ಅಲ್ಲಿ ಪೆನ್ನು ನಿಂತಿತು. ಅಜ್ಜಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಹೊಳೆಯಂಚಿನ ಹಳೇ ಅಡಿಕೆ ಸಾಲು ಅವಳು ನೆಟ್ಟದ್ದು; ಅವಳ ಕೈತುತ್ತು ನಾವು ಉಂಡಿದ್ದೇವೆ. ಹೆಸರು ಗೊತ್ತಿಲ್ಲ. ತಾಯಿಯವರನ್ನು ಕೇಳಿದೆವು. ‘ಅತ್ತೆ ಹೆಸರು ನನ್ನ ಬಾಯಲ್ಲಿ ಹೇಳೋದುಂಟೇನೋ?’ ಎಂದರು. ಗೊತ್ತಿದೆಯೋ ಎಂದರೆ, ಸ್ವಲ್ಪ ಹೊತ್ತು ಬಿಟ್ಟು, ‘ಯಾರೂ ಕರೆದದ್ದು ಕೇಳಲಿಲ್ಲ’ ಎಂದರು.

ಒಂದೇ ಬೆಳಿಗ್ಗೆಯಲ್ಲಿ ಒಂಬೈನೂರು ವರ್ಷದ ಹಿಂದಿನ ಮನೆಯೊಂದರ ಅತ್ತೆ, ಸೊಸೆ, ವಾರಗಿತ್ತಿಯರ ಹೆಸರು ನಮ್ಮ ಬಾಯಿಗೆ ಬಂದಿದ್ದವು. ಅತ್ತೆಯವರು ಮೊದಲ ಸಲ ಏನೂ ಹೇಳಲಿಲ್ಲ. ತಮ್ಮ ಚೀಲದಿಂದ ಎಲೆಅಡಿಕೆ ತೆಗೆದು ಬೀಗಿತ್ತಿಗೆ ಕೊಟ್ಟರು. ಅಡಿಕೆ ನಮ್ಮ ತೋಟದ್ದೇ.

ಊರಿಗೆ ಬಂದು ಅಕ್ಕನಿಗೆ ಫೋನು ಮಾಡಿದೆವು. ಪಾಲಿನ ಮಾತು ಎತ್ತುವುದಕ್ಕೆ ಮುಂಚೆ ಅಜ್ಜಿಯ ಹೆಸರು ಕೇಳಿದೆವು. ಅವಳಿಗೂ ಗೊತ್ತಿರಲಿಲ್ಲ. ಆದರೆ, ‘ಬಚ್ಚಲ ಹಂಡೆ ನೋಡಿದೆಯೇನೋ? ಅದು ಅವ್ವ ತವರಿಂದ ತಂದದ್ದು’ ಎಂದಳು. ಭಾನುವಾರ ಭಾವನವರ ಜೊತೆ ತಾನೇ ಬಂದಳು. ತಾಮ್ರದ ಹಂಡೆಯನ್ನು ಒಲೆಯಿಂದ ಇಳಿಸಿ, ಅಕ್ಕನೂ ನಮ್ಮ ಮನೆಯವರೂ ಕೂತು ಹುಣಸೆಹಣ್ಣು ಹಾಕಿ ಉಜ್ಜಿದರು. ಅರ್ಧ ಗಂಟೆಯ ಮೇಲೆ ಕಂಠದ ಕೆಳಗೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರ ಕಾಣಿಸಿತು. ನಾಲ್ಕು ಅಕ್ಷರ. ನಮ್ಮ ತಾಯಿ ದೂರದಿಂದಲೇ ಕೈಮುಗಿದರು. ಹೆಸರನ್ನು ನಮೂನೆಯಲ್ಲಿ ಬರೆಯಲು ಅಪ್ಪಣೆಯಾಗಿದೆ. ಪತ್ರಿಕೆಯಲ್ಲಿ ಅಚ್ಚು ಹಾಕಿಸಕೂಡದಂತೆ.

ಆ ದಿನ ಹೋಳಿಗೆ ಮಾಡಿಸಿದ್ದೆವು. ಭಾವನವರಿಗೆ ಮೂರು ಸಲ ಬಡಿಸಲಾಯಿತು, ಎಣಿಸಿದವರು ನಾವೇ. ಅಕ್ಕ ತನಗೆ ತೋಟ ಕತ್ತರಿಸಿ ಕೊಡುವುದು ಬೇಡ, ಹೊಳೆಯಂಚಿನ ಸಾಲಿನ ಅಡಿಕೆ ಹಣ ವರ್ಷವರ್ಷ ಬರಲಿ, ಪಹಣಿಯಲ್ಲಿ ಹೆಸರು ಇರಲಿ ಎಂದಳು. ಭಾವನವರು ನಾಲ್ಕನೆಯ ಹೋಳಿಗೆಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಅರ್ಜಿ ಈಗ ನಾಡಕಚೇರಿಯಲ್ಲಿದೆ: ತಾಯಿ, ಅಕ್ಕ, ನಾವು, ಮೂವರ ಹೆಸರು ಜಂಟಿಯಾಗಿ.

ನಮ್ಮ ಮನೆಯವರು ವಾರಸುದಾರರ ಪಟ್ಟಿಯಲ್ಲಿ ಬರುವುದಿಲ್ಲವೆಂದು ಅವರಿಗೆ ಕಾನೂನು ವಿವರಿಸಿದೆವು. ಅವರು ಸಮಾಧಾನವಾಗಿ ಕೇಳಿಕೊಂಡು, ಹಂಡೆಯ ಇನ್ನೊಂದು ಬದಿ ಖಾಲಿ ಇದೆ ಎಂದರು. ಪಾತ್ರೆಯ ಮೇಲೆ ಉಳಿಯಲ್ಲಿ ಹೆಸರು ಹಾಕುವವರು ಹಾಸನದ ಕಡೆ ಯಾರಾದರೂ ಉಳಿದಿದ್ದರೆ ಸದಸ್ಯರು ದಯವಿಟ್ಟು ತಿಳಿಸಬೇಕು. ಸ್ವಲ್ಪ ಬೇಗ ತಿಳಿಸಿದರೆ ಒಳ್ಳೆಯದು.